ಸೋತ ಕ್ಯಾಪ್ಟನ್ನನ್ನೇ ಮೈಕಿನ ಮುಂದೆ ಕೂರಿಸಿದೆ

ಸಮುದಾಯ ಬಾನುಲಿಯಲ್ಲಿ ವಾರಕ್ಕೊಂದು ಗಂಟೆ ಆಟೋಟದ ಮಾತುಕತೆ ನಡೆಸಲು ಶುರುಮಾಡಿ ಏಳೆಂಟು ವರ್ಷವಾಯಿತು. "ಮೂರು ತಿಂಗಳು ನಡೆದರೆ ಜಾಸ್ತಿ" ಅಂದಿದ್ದವರೇ ಈಗ ತಮ್ಮೂರಿನ ಪಂದ್ಯಾವಳಿಗೆ ದಿನ ಗೊತ್ತುಮಾಡುವ ಮೊದಲು ನನಗೆ ಫೋನ್ ಮಾಡುತ್ತಾರೆ.

ಮೊದಲ ಒಂದೂವರೆ ವರ್ಷ ಬರೀ ಕ್ರಿಕೆಟ್ ಮಾತಾಡಿ ಹಾಳುಮಾಡಿಕೊಂಡೆ. ಟಿವಿಯಲ್ಲಿ ಎಲ್ಲ ನೋಡಿ ಮುಗಿಸಿದವರು ನನ್ನ ಮಾತು ಯಾಕೆ ಕೇಳಬೇಕು? ಬರುತ್ತಿದ್ದದ್ದು ಮೂರೋ ನಾಲ್ಕೋ ಕರೆ. ಅದರಲ್ಲೂ ಎರಡು ನಾನೇ ಹೇಳಿ ಮಾಡಿಸಿದ್ದು. ಕಂತಿಗೆ 300 ರೂಪಾಯಿ ಸಿಗುತ್ತಿತ್ತು, ಪೆಟ್ರೋಲಿಗೇ ಅರ್ಧ ಹೋಗುತ್ತಿತ್ತು. ಸ್ವಂತ ಹೆಡ್‌ಫೋನು, ರೆಕಾರ್ಡರು ಅಂತ ಸುಮಾರು ಒಂಬತ್ತು ಸಾವಿರ ಕೈಯಿಂದ ಹಾಕಿದ್ದೆ. ಮನೆಯಲ್ಲಿ ಹೇಳಿರಲಿಲ್ಲ.

2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38-33ರಲ್ಲಿ ಸೋಲಿಸಿ ಪ್ರೊ ಕಬಡ್ಡಿ ಗೆದ್ದಿತು. ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದರು. ಮರುದಿನ ಭಾನುವಾರ ನನ್ನ ಕಾರ್ಯಕ್ರಮ. ಇವತ್ತು ಫೋನ್ ಕೆಳಗಿಡೋಕೆ ಆಗಲ್ಲ ಅಂದುಕೊಂಡಿದ್ದೆ. ಬಂದದ್ದು ಐದು ಕರೆ.

ಅದರ ಮುಂದಿನ ವಾರ ಪಕ್ಕದ ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಇತ್ತು. ಫೈನಲ್‌ನಲ್ಲಿ ಒಂದೇ ಪಾಯಿಂಟಿನಿಂದ ಸೋತ ತಂಡದ ಕ್ಯಾಪ್ಟನ್ನನ್ನು ಸ್ಟುಡಿಯೋಗೆ ಕರೆದೆ. ಗೆದ್ದವರನ್ನು ಬಿಟ್ಟು ಸೋತವನನ್ನು ಯಾರಾದರೂ ಕರೀತಾರಾ ಅಂತ ನಿಲಯದವರೇ ಗೊಣಗಿದರು. ಗೆದ್ದವನು "ಎಲ್ಲರ ಸಹಕಾರದಿಂದ ಗೆದ್ದೆವು" ಅಂದು ಸುಮ್ಮನಾಗುತ್ತಾನೆ. ಸೋತವನ ಹತ್ತಿರ ಕತೆ ಇರುತ್ತದೆ. ಕೊನೇ ರೈಡ್‌ಗೆ ತಾನು ಹೋಗದೆ ತಮ್ಮನನ್ನು ಕಳಿಸಿದ್ದೇಕೆ ಅಂತ ಆತ ಹನ್ನೊಂದು ನಿಮಿಷ ಹೇಳಿದ. ನಾನು ಬಾಯಿ ಹಾಕಲಿಲ್ಲ. ಆವತ್ತು ಮೂವತ್ತರ ಮೇಲೆ ಮಿಸ್ಡ್ ಕಾಲ್ ಬಂದವು. ಒಬ್ಬೊಬ್ಬರಿಗೂ ನಾವೇ ವಾಪಸ್ ಮಾಡಿ ಮಾತಾಡಿಸಿದೆವು. ಗೆದ್ದ ಊರಿನವರೇ ಜಾಸ್ತಿ.

ಅಲ್ಲಿಂದ ಅದೇ ನನ್ನ ದಾರಿ. ಸೋತವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಬೇರೆ ನಿಲಯದ ಇಬ್ಬರು ಕೇಳಿದಾಗಲೂ ಹೇಳಿಲ್ಲ.

ಫೋನಿನಲ್ಲಿ ಮಾತಾಡುವ ಅತಿಥಿಗಳ ಪಾಡು ನಿಮಗೂ ಗೊತ್ತು. ಹಿಂದೆ ರೇಡಿಯೋ ಹಾಡುತ್ತಿರುತ್ತದೆ, ಆಫ್ ಮಾಡಿ ಅಂದರೆ ಮಾಡಲ್ಲ, ಮಗ ಮಾತಾಡೋದು ಮನೆಯವರಿಗೆ ಕೇಳಬೇಕಲ್ಲ. ನಾನು ಹತ್ತು ನಿಮಿಷ ಮೊದಲೇ ಫೋನ್ ಮಾಡಿ ರೇಡಿಯೋ ಆಚೆ ತಗೊಂಡು ಹೋಗಿ ಅನ್ನುತ್ತೇನೆ. ಒಬ್ಬ ರೈಡರ್‌ನ ತಾಯಿ ಕೊಟ್ಟಿಗೆಗೆ ಹೋಗಿ, ರೇಡಿಯೋ ಮಡಿಲಲ್ಲಿಟ್ಟುಕೊಂಡು ಒಂದು ಗಂಟೆ ಪೂರ್ತಿ ಅಲ್ಲೇ ಕೂತಿದ್ದರಂತೆ.

ನಮ್ಮದು 100 ವ್ಯಾಟ್, ಹತ್ತು ಕಿಲೋಮೀಟರ್ ದಾಟಿದರೆ ಬರೀ ಗರಗರ. ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರಿಗಾಗಿ ನಾಲ್ಕು ನಿಮಿಷದ ತುಣುಕುಗಳನ್ನು ವಾಟ್ಸಾಪ್‌ನಲ್ಲಿ ಬಿಟ್ಟೆ. ಮೊದಲ ಪ್ರಾಯೋಜಕರು ಸಿಕ್ಕಿದ್ದು ಆ ಗುಂಪಿನಿಂದಲೇ, ತಿಂಗಳಿಗೆ 2,500 ರೂಪಾಯಿ. 2024ರಲ್ಲಿ ಜಾಹೀರಾತಿನ ಮಿತಿ ಗಂಟೆಗೆ 7 ನಿಮಿಷದಿಂದ 12ಕ್ಕೆ ಏರಿತು. ಈಗ ತಿಂಗಳಿಗೆ ಹನ್ನೆರಡು ಸಾವಿರದ ಹತ್ತಿರ ಬರುತ್ತದೆ. ನಿಲಯದ ಪಾಲು ಕಳೆದು ನನಗೆ ಐದು ಸಾವಿರ ಉಳಿಯುತ್ತದೆ. ಬದುಕಿಗೆ ಸಾಲದು, ಅಂಗಡಿ ಕೆಲಸ ಬಿಟ್ಟಿಲ್ಲ.

ಸ್ಥಳೀಯ ಪಂದ್ಯದ ನೇರ ವೀಕ್ಷಕ ವಿವರಣೆಗೆ ನಿಯಮದಲ್ಲಿ ಅಡ್ಡಿಯಿಲ್ಲ. ಅದನ್ನೂ ಮಾಡಿ ನೋಡಿದೆ. ಕಬಡ್ಡಿ ಒಗ್ಗಿತು. ರೈಡ್ 30 ಸೆಕೆಂಡು, ನಾನು 20ರಲ್ಲಿ ಹೇಳಿ ನಿಲ್ಲಿಸುತ್ತೇನೆ, ಉಳಿದದ್ದನ್ನು ಜನರ ಕೂಗೇ ಹೇಳುತ್ತದೆ. ಖೋ-ಖೋ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. "ಖೋ" ಅನ್ನುವಷ್ಟರಲ್ಲಿ ಹುಡುಗಿ ಆ ಕಂಬ ಸುತ್ತಿ ಬಂದಿರುತ್ತಾಳೆ. ಓಡುವವರ ಹೆಸರು ಬಿಟ್ಟು, ಅಟ್ಟಿಸಿಕೊಂಡು ಹೋಗುವವರನ್ನಷ್ಟೇ ಹೇಳಿ ನೋಡೋಣ ಅಂತಿದ್ದೇನೆ. ಮುಂದಿನ ತಿಂಗಳು ಹೈಸ್ಕೂಲು ಹುಡುಗಿಯರ ತಾಲ್ಲೂಕು ಪಂದ್ಯ ಇದೆ.