ಇಳಕಲ್ ಸೀರೆಯ ಫೋಟೊ: ಯಾವುದಕ್ಕೆ ಯಾವ ಫೈಲ್

ಇಳಕಲ್ ಸೀರೆಯ ಸೆರಗು ಕೆಂಪು, ಅದರ ಮೇಲಿನ ತೆನಿ, ಅಂದರೆ ಹಲ್ಲಿನಂಥ ನೇಯ್ಗೆಯ ವಿನ್ಯಾಸ, ಬಿಳಿ. ಫೈಲ್ ಕೆಟ್ಟರೆ ಮೊದಲು ಕೆಡುವುದು ಇದೇ ಜಾಗ. ಬಿಳಿ ತೆನಿಯ ಅಂಚಿಗೆ ಕೆಂಪು ಸೋರಿ, ಹಲ್ಲು ಹಲ್ಲಾಗಿ ಕಾಣಬೇಕಾದ ನೇಯ್ಗೆ ಮಸುಕಾಗುತ್ತದೆ. ತಪ್ಪು ಕ್ಯಾಮೆರಾದ್ದಲ್ಲ. ಫೋಟೊಗಳ ಸಾಮಾನ್ಯ ಫೈಲ್ ಬಗೆಯಾದ ಜೆಪೆಗ್ ಬೆಳಕಿನ ವಿವರವನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಳಿಸುತ್ತದೆ. ಮುಖದ ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ, ಸೆರಗಿನಲ್ಲಿ ಎದ್ದು ಕಾಣುತ್ತದೆ.

ಅದಕ್ಕೇ ಫೋಟೊ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಕ್ವಾಲಿಟಿ 90 ಇಟ್ಟು, ಸಬ್‌ಸ್ಯಾಂಪ್ಲಿಂಗ್‌ನಲ್ಲಿ 4:4:4, ಅಂದರೆ ಬಣ್ಣವನ್ನು ಇಳಿಸದ ಆಯ್ಕೆ, ಆರಿಸುತ್ತೇನೆ. ಫೈಲ್ ಸ್ವಲ್ಪ ದೊಡ್ಡದಾದರೂ ತೆನಿ ಉಳಿಯುತ್ತದೆ. ಕ್ವಾಲಿಟಿ ತೀರಾ ಇಳಿಸಿದರೆ ಸೀರೆಯ ಒಡಲಿನ ಮೇಲೆ 8×8 ಪಿಕ್ಸೆಲ್‌ನ ಚೌಕಗಳು ಮೂಡುತ್ತವೆ.

ವೆಬ್‌ಸೈಟಿಗೆ ವೆಬ್‌ಪಿ ಎಂಬ ಫೈಲ್ ಬಗೆ ಹಗುರ, ಇಡೀ ಸೀರೆಯ ಫೋಟೊಕ್ಕೆ ಅದನ್ನೇ ಬಳಸುತ್ತೇನೆ. ಆದರೆ ಗುಣಮಟ್ಟ ಇಳಿಸಿ ಕುಗ್ಗಿಸುವ ವೆಬ್‌ಪಿಯಲ್ಲಿ 4:4:4 ಆಯ್ಕೆಯೇ ಇಲ್ಲ. ಸೆರಗು, ಗೋಮಿ ವಿನ್ಯಾಸದ ದಡಿಯ (ಅಂಚಿನ) ಕ್ಲೋಸಪ್‌ಗೆ ಜೆಪೆಗ್ಗೇ ಸರಿ.

ತಿದ್ದುವ ಮೂಲ ಪ್ರತಿ ಮಾತ್ರ ಎಂದೂ ಜೆಪೆಗ್ ಆಗಕೂಡದು. ತೆರೆದು ತಿದ್ದಿ ಉಳಿಸಿದಷ್ಟೂ ಸಲ ವಿವರ ಸವೆಯುತ್ತದೆ. ಕ್ಯಾಮೆರಾದಿಂದ ನೇರ ಬರುವ ರಾ ಫೈಲಿನ ಜೊತೆ 16 ಬಿಟ್ ಟಿಫ್ (ವಿವರ ಕಳೆಯದ ಫೈಲ್ ಬಗೆ) ಇಡುತ್ತೇನೆ. 6000×4000 ಪಿಕ್ಸೆಲ್‌ನ ಒಂದು ಫೋಟೊ ಕುಗ್ಗಿಸದಿದ್ದರೆ ಸುಮಾರು 144 ಎಂಬಿ. ವಿವರ ಕಳೆಯದೆ ಕುಗ್ಗಿಸುವ ಎಲ್‌ಝೆಡ್‌ಡಬ್ಲ್ಯೂ ಕಂಪ್ರೆಷನ್ ಹಾಕಿದರೆ 16 ಬಿಟ್ ಫೋಟೊ ಕೆಲವೊಮ್ಮೆ ಇನ್ನೂ ದೊಡ್ಡದಾಗುತ್ತದೆ, ಹಾಕಬೇಡಿ. ಪ್ರೆಸ್ಸಿಗೆ 8 ಬಿಟ್ ಟಿಫ್, 300 ಡಿಪಿಐ (ಇಂಚಿಗೆ 300 ಚುಕ್ಕೆ). ಎ4 ಪುಟಕ್ಕೆ 2480×3508 ಪಿಕ್ಸೆಲ್. ಪಿಎನ್‌ಜಿ ಫೈಲಿನಲ್ಲಿ ಮುದ್ರಣದ ನಾಲ್ಕು ಬಣ್ಣಗಳ ಸಿಎಮ್‌ವೈಕೆ ಇರುವುದಿಲ್ಲ, ಆದ್ದರಿಂದ ಅದು ಅಲ್ಲಿಗೆ ಬೇಡ.

ಪಿಎನ್‌ಜಿ ಬೇಕಾಗುವುದು ಬೆಲೆಚೀಟಿಗೆ, ಕನ್ನಡ ಅಕ್ಷರದ ಪೋಸ್ಟರಿಗೆ. ಜೆಪೆಗ್‌ನಲ್ಲಿ ಒತ್ತಕ್ಷರದ ಸುತ್ತ ಕೊಳೆ ಮೆತ್ತಿದಂತೆ ಚುಕ್ಕೆಗಳು ಕಾಣುತ್ತವೆ. ಅಂಗಡಿಯ ಲೋಗೊ ಎಸ್‌ವಿಜಿಯಲ್ಲಿರಲಿ (ಪಿಕ್ಸೆಲ್ ಬದಲು ಗೆರೆಗಳಿಂದಾದ ಫೈಲ್). ಕೊಡುವ ಮುನ್ನ ಅಕ್ಷರಗಳನ್ನು ಪಾತ್ (ಗೆರೆಯ ಆಕಾರ) ಮಾಡಿ, ಇಲ್ಲವಾದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರದ ರೂಪವೇ ಬದಲಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಹಾಗೆ ಕುಗ್ಗಿ ಬಂದದ್ದನ್ನು ಪಿಎನ್‌ಜಿಗೆ ಬದಲಿಸಿದರೆ ಫೈಲ್ ಉಬ್ಬುತ್ತದೆ, ಹೋದ ತೆನಿ ಬರುವುದಿಲ್ಲ. ಕಳಿಸಿದವರಿಂದ ಮೂಲ ಫೈಲನ್ನೇ ತರಿಸಿಕೊಳ್ಳಬೇಕು.