ಔಷಧಿ ಹೊಡೆಯುವ ಮೊದಲು ಗಿಡ ಏನು ಮಾಡುತ್ತಿದೆ ನೋಡಿ

ಎಲೆಯಲ್ಲಿ ನಾಲ್ಕು ತೂತು ಕಂಡ ಕೂಡಲೇ ಸ್ಪ್ರೇಯರ್ ಹೆಗಲಿಗೆ ಏರಿಸುವ ಅಭ್ಯಾಸ ಕೊಡಗಿನಲ್ಲಿ ಎಲ್ಲ ಕಡೆ ಇದೆ, ಗೋಣಿಕೊಪ್ಪವೂ ಅಷ್ಟೇ, ಸೋಮವಾರಪೇಟೆಯೂ ಅಷ್ಟೇ. ಆದರೆ ಹುಳ ಕಚ್ಚಿದ ಮೇಲೆ ಗಿಡ ಸುಮ್ನೆ ನಿಂತಿರುವುದಿಲ್ಲ. ಅದರ ಕೆಲಸಕ್ಕೆ ನಾವು ಅಡ್ಡ ಬರದಿದ್ದರೆ ಎಷ್ಟೋ ಸಲ ಬಾಟಲಿ ತೆರೆಯುವುದೇ ಬೇಡ.

ಮೊದಲು ಹುಳ ಎಲೆ ಜಗಿಯುತ್ತದೋ, ರಸ ಹೀರುತ್ತದೋ ನೋಡಿ. ಎರಡಕ್ಕೂ ಗಿಡದ ಉತ್ತರ ಬೇರೆ.

ಹಿತ್ತಲಿನ ಟೊಮೇಟೊ ತಗೊಳ್ಳಿ. ಕಂಬಳಿಹುಳ ಜಗಿದ ಜಾಗದಿಂದ ಕೆಲವೇ ನಿಮಿಷಗಳಲ್ಲಿ ಬೇರೆ ಎಲೆಗಳಿಗೂ ಸುದ್ದಿ ಹೋಗುತ್ತದೆ, ಅಲ್ಲಿ ಜಾಸ್ಮೊನಿಕ್ ಆಮ್ಲ ಎಂಬ ಗಿಡದ ಹಾರ್ಮೋನ್ ತಯಾರಾಗುತ್ತದೆ. ರಕ್ಷಣೆಯ ಜೀನ್‌ಗಳಿಗೆ ಮಾಮೂಲಿ ದಿನಗಳಲ್ಲಿ ಜಾಜ್ ಎಂಬ ಪ್ರೋಟೀನ್‌ಗಳು ಬೀಗ ಹಾಕಿರುತ್ತವೆ. ಜಾಸ್ಮೊನಿಕ್ ಆಮ್ಲದಿಂದಾದ ಸಂಕೇತ ಬಂದಾಗ ಗಿಡವೇ ಆ ಜಾಜ್‌ಗಳನ್ನು ಒಡೆದು ಹಾಕುತ್ತದೆ, ಜೀನ್‌ಗಳು ಕೆಲಸ ಶುರು ಮಾಡುತ್ತವೆ, ಎಲೆಯಲ್ಲಿ ಪ್ರೋಟಿಯೇಸ್ ಇನ್‌ಹಿಬಿಟರ್ ಎಂಬ ಪ್ರೋಟೀನ್‌ಗಳು ತುಂಬುತ್ತವೆ. ಇವು ಹುಳದ ಹೊಟ್ಟೆಯೊಳಗಿನ ಜೀರ್ಣಕಾರಿ ಕಿಣ್ವಗಳನ್ನು ಕಟ್ಟಿಹಾಕುತ್ತವೆ. ಹುಳ ತಿನ್ನುತ್ತದೆ, ಆದರೆ ಮೈಗೆ ಹತ್ತುವುದಿಲ್ಲ. ಗಾಯವಾಗದ ಎಲೆಯಲ್ಲೂ ಈ ಪ್ರೋಟೀನ್ ತುಂಬುತ್ತದೆ ಎಂದು ವಿಜ್ಞಾನಿಗಳಾದ ಗ್ರೀನ್ ಮತ್ತು ರಯಾನ್ 1972ರಲ್ಲೇ ತೋರಿಸಿದ್ದರು. ಹಾಗಾಗಿ ಎಲೆಯಲ್ಲಿ ಮಾತ್ರ ತೂತಿದ್ದರೆ ಕಂಡ ಹುಳ ಕೈಯಲ್ಲಿ ಹೆಕ್ಕಿ, ಎರಡು ಮೂರು ದಿನ ಬಿಟ್ಟು ಹೊಸ ಚಿಗುರು ನೋಡಿ. ಕಾಯಿ ಕೊರೆದಿದ್ದರೆ ಮಾತ್ರ ಕಾಯಬೇಡಿ, ಆ ಕಾಯಿ ಕಿತ್ತು ನಾಶ ಮಾಡಿ.

ಹುಳ ತಿಂದ ಎಲೆ ಗಾಳಿಗೆ ಒಂದು ವಾಸನೆಯನ್ನೂ ಬಿಡುತ್ತದೆ. ಅದನ್ನು ಹಿಡಿದು ಬರುವ ಸಣ್ಣ ಕಣಜಗಳು ಕಂಬಳಿಹುಳದೊಳಗೆ ಮೊಟ್ಟೆ ಇಡುತ್ತವೆ. ಸಿಕ್ಕಿದ್ದೆಲ್ಲ ಕೊಲ್ಲುವ ಔಷಧಿ ಹೊಡೆದರೆ ಗಿಡ ಕರೆದ ಅತಿಥಿಯೇ ಮೊದಲು ಸಾಯುತ್ತದೆ, ಅಲ್ವಾ?

ಗದ್ದೆಯ ಕಂದು ಜಿಗಿಹುಳು ರಸ ಹೀರುವ ಜಾತಿ. ಇದರ ವಿರುದ್ಧ ಸ್ಯಾಲಿಸಿಲಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನಿನ ದಾರಿಗೂ ದೊಡ್ಡ ಪಾತ್ರವಿದೆ. ಬಿಪಿಎಚ್ 14 ಜೀನ್ ಇರುವ ಭತ್ತ ಹುಳ ಸೂಜಿ ಚುಚ್ಚಿದ ರಸನಾಳಕ್ಕೆ ಕ್ಯಾಲೋಸ್ ಎಂಬ ಅಂಟಿನಂಥ ಪದಾರ್ಥ ತುಂಬಿ ಮುಚ್ಚಿಬಿಡುತ್ತದೆ. ಜಾಸ್ಮೊನಿಕ್, ಸ್ಯಾಲಿಸಿಲಿಕ್ ದಾರಿಗಳು ಎಷ್ಟೋ ಸಲ ಒಂದನ್ನೊಂದು ತಗ್ಗಿಸುತ್ತವೆ. ಅದಕ್ಕೇ 'ಗಿಡದ ಇಮ್ಯುನಿಟಿ ಹೆಚ್ಚಿಸುತ್ತೆ' ಅಂತ ಮಾರುವ ಡಬ್ಬಿಯನ್ನು ಯಾವ ಹುಳಕ್ಕೆ ಎಂದು ಕೇಳದೆ ಕೊಳ್ಳಬೇಡಿ.

ಒಂದೇ ಜೀನ್ ನಂಬಿ ಕೂರುವುದೂ ಬೇಡ. 1973ರಲ್ಲಿ ಬಂದ ಐಆರ್ 26 ಭತ್ತದ ನಿರೋಧಕ ಶಕ್ತಿಯನ್ನು ಜಿಗಿಹುಳು ಕೆಲವೇ ವರ್ಷಗಳಲ್ಲಿ ಮೀರಿತು. ಯೂರಿಯಾ ಕಂತಿನಲ್ಲೇ ಕೊಡಿ, ಜಾಸ್ತಿ ಸುರಿದರೆ ಗಿಡ ಮೆತ್ತಗಾಗಿ ರಸದಲ್ಲಿ ಅಮೈನೋ ಆಮ್ಲ ಏರುತ್ತದೆ, ಜಿಗಿಹುಳುವಿಗೆ ಹಬ್ಬ. ಸುಮ್ನೆ ಔಷಧಿ ಹೊಡೆದು ಜೇಡಗಳನ್ನು ಕೊಂದರೂ ಇದೇ ಗತಿ.

ಇನ್ನು ಕಾಫಿ. ಕೆಫೀನ್ ನಮ್ಮ ನಿದ್ದೆ ಓಡಿಸಲು ಹುಟ್ಟಿದ್ದಲ್ಲ, ಎಷ್ಟೋ ಕೀಟಗಳಿಗೆ ಅದು ವಿಷ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಆದರೂ ಬೆರ್ರಿ ಬೋರರ್ ಎಂಬ ಕಾಯಿಕೊರಕ ದುಂಬಿ ರೋಬಸ್ಟಾ ಕಾಯಿಯಲ್ಲೇ ಸಂಸಾರ ಹೂಡುತ್ತದೆ, ಏಕೆಂದರೆ ಅದರ ಕರುಳಿನ ಬ್ಯಾಕ್ಟೀರಿಯಾಗಳು ಕೆಫೀನನ್ನೇ ಒಡೆದು ಹಾಕುತ್ತವೆ. 2015ರಲ್ಲಿ ಇದು ಪತ್ತೆಯಾಯಿತು. ಇಲ್ಲಿ ಗಿಡ ಸೋತಿದೆ, ಕೆಲಸ ನಿಮ್ಮದು. ಕೊಯ್ಲು ತಡ ಮಾಡಬೇಡಿ. ಗಿಡದಲ್ಲಿ ಉಳಿದದ್ದು, ನೆಲಕ್ಕೆ ಬಿದ್ದದ್ದು ಎಲ್ಲ ಹೆಕ್ಕಿಸಿ. ಹುಳ ಬಿದ್ದ ಕಾಯಿಯನ್ನು ಕುದಿಯುವ ನೀರಿನಲ್ಲಿ 2-3 ನಿಮಿಷ ಅದ್ದಿ, ಆಮೇಲೆ ಚೆನ್ನಾಗಿ ಒಣಗಿಸಿ.

ಅರೇಬಿಕಾದ ಬಿಳಿ ಕಾಂಡಕೊರಕಕ್ಕೆ ಬಿಸಿಲು ಬಿದ್ದ ತೊಗಟೆಯ ಬಿರುಕೇ ಇಷ್ಟ, ಮೊಟ್ಟೆ ಇಡುವುದು ಅಲ್ಲೇ. ದುಡ್ಡಿಗಾಗಿ ನೆರಳಿನ ಮರ ಬೋಳು ಮಾಡಬೇಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ ದುಂಬಿ ಹಾರುತ್ತದೆ. ಅದಕ್ಕೂ ಮೊದಲೇ, ಎಲೆ ಹಳದಿಯಾಗಿ ಕಾಂಡದಲ್ಲಿ ಉಬ್ಬುಗೆರೆ ಎದ್ದ ಗಿಡಗಳನ್ನು ಹುಡುಕಿ, ಬುಡಸಮೇತ ಕಿತ್ತು ಸುಡಿ. ಕಿತ್ತ ಕಾಂಡವನ್ನು ಸೌದೆಗೆ ಅಂತ ಅಟ್ಟದಲ್ಲಿ ಇಟ್ಟರೆ ದುಂಬಿ ಅಲ್ಲಿಂದಲೇ ಹೊರಬರುತ್ತದೆ.