ಲೇಸಿನ ತುದಿ ಬಿಚ್ಚಿಕೊಂಡಿದೆಯಾ? ಮೊದಲು ಕಟ್ಟಿ, ಆಮೇಲೆ ಕತ್ತರಿಸಿ

ಶನಿವಾರ ಬೆಳಿಗ್ಗೆ ಏಳೂಕಾಲು. ಬಿಳಿ ಯೂನಿಫಾರ್ಮ್, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಬೇಕಾದ ದಿನ. ಮಗಳು ಮೆಟ್ಟಿಲ ಮೇಲೆ ಕೂತು ಲೇಸಿನ ತುದಿಗೆ ಎಂಜಲು ಹಚ್ಚಿ, ಹೊಸೆದು, ತೂತಿಗೆ ತೂರಿಸಲು ನೋಡುತ್ತಿದ್ದಾಳೆ. ನಾಲ್ಕು ಎಳೆ ಒಳಗೆ ಹೋಗುತ್ತವೆ, ಉಳಿದ ಹತ್ತು ಹೊರಗೇ ಮಡಚಿಕೊಳ್ಳುತ್ತವೆ. ಆಚೆ ವ್ಯಾನಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಕೊನೆಗೆ ಮೇಲಿನ ಎರಡು ತೂತು ಬಿಟ್ಟು, ಇದ್ದಷ್ಟಕ್ಕೇ ಗಂಟು ಹಾಕಿ ಕಳಿಸಿದ್ದಾಯಿತು. ನಿಮ್ಮ ಮನೆಯಲ್ಲೂ ಇದು ಆಗಿರುತ್ತೆ, ಅಲ್ವಾ?

ಇಂಥ ಲೇಸನ್ನು ಎಸೆಯಬೇಕಿಲ್ಲ. ಒಂದು ಮೀಟರಿಗಿಂತ ಉದ್ದದ ಗಟ್ಟಿಮುಟ್ಟಾದ ಲೇಸಿನಲ್ಲಿ ಹಾಳಾಗಿರುವುದು ಎರಡು ಸೆಂ.ಮೀ. ಮಾತ್ರ. ಅದನ್ನು ಸರಿ ಮಾಡಲು ಬೇಕಾದದ್ದು ಹೊಲಿಗೆ ಡಬ್ಬಿಯಲ್ಲೇ ಇರುತ್ತೆ. ಆದರೆ ಬಹಳ ಜನ ಮೊದಲ ಹೆಜ್ಜೆಯಲ್ಲೇ ತಪ್ಪು ಮಾಡುತ್ತಾರೆ. ಬಿಚ್ಚಿಕೊಂಡ ತುದಿಯನ್ನು ಮೊದಲು ಕತ್ತರಿಯಿಂದ ಕತ್ತರಿಸಿಬಿಡುತ್ತಾರೆ. ಕತ್ತರಿಸಿದ ಮರುಕ್ಷಣವೇ ಹೊಸ ತುದಿಯೂ ಬಿಚ್ಚಿಕೊಳ್ಳಲು ಶುರು. ಮತ್ತೆ ಕತ್ತರಿ, ಮತ್ತೆ ಕುಚ್ಚು. ಸೀರೆ ಸೆರಗಿಗೆ ಕುಚ್ಚು ಚೆಂದ, ಲೇಸಿಗೆ ಬೇಡ. ಆದ್ದರಿಂದ ಮೊದಲು ಕಟ್ಟಬೇಕು, ಆಮೇಲೆ ಕತ್ತರಿಸಬೇಕು. ಈ ಲೇಖನದಲ್ಲಿ ಇನ್ನೇನು ಮರೆತರೂ ಇದೊಂದನ್ನು ಮರೆಯಬೇಡಿ.

ಕಾರ್ಖಾನೆಯಲ್ಲೂ ಇದೇ ಕ್ರಮ. ಲೇಸು ಅಂದರೆ ಜಡೆ ಹೆಣೆದ ಹಾಗೆ ಎಳೆಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಯಿಸಿ ಯಂತ್ರ ಹೆಣೆಯುವ ಉದ್ದನೆಯ ಕೊಳವೆ. ಅದು ಚಪ್ಪಟೆಯಾದರೆ ಚಪ್ಪಟೆ ಲೇಸು, ಒಳಗೆ ತಿರುಳಿನ ದಾರ ತುಂಬಿದರೆ ಗುಂಡು ಲೇಸು. ಆ ಉದ್ದನೆಯ ಲೇಸಿಗೆ ಅಲ್ಲಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಯಿಂದಲೋ, ಅಸಿಟೋನ್ ಅನ್ನುವ ದ್ರಾವಕದಿಂದಲೋ (ಹಲವು ನೇಲ್ ಪಾಲಿಶ್ ರಿಮೂವರುಗಳಲ್ಲಿ ಇರುವುದೂ ಇದೇ) ಅಂಟಿಸಿ, ಸುತ್ತಿದ ಜಾಗದ ನಟ್ಟನಡುವೆ ಕತ್ತರಿಸುತ್ತಾರೆ. ಒಂದೇ ಏಟಿಗೆ ಎರಡು ತುದಿ ಸಿದ್ಧ. ಇಂಗ್ಲಿಷಿನಲ್ಲಿ ಈ ತುದಿಗೆ ಆಗ್ಲೆಟ್ ಅಂತಾರೆ, ಸೂಜಿ ಅನ್ನುವ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದ ಹೆಸರು. ನಮ್ಮ ಮನೆಯಲ್ಲಿ ಮಾತ್ರ ಅದು ಲೇಸಿನ ಮೂತಿ. ಒಂದು ಎಚ್ಚರಿಕೆ. ಈ ಪ್ಲಾಸ್ಟಿಕ್ ಹೆಚ್ಚಾಗಿ ಅಸಿಟೇಟ್ ಆಗಿರುತ್ತೆ, ಅದು ಅಸಿಟೋನಿಗೆ ಕರಗುತ್ತೆ. ಕಲೆ ತೆಗೆಯೋಣ ಅಂತ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಉಜ್ಜಿದರೆ ಚೆನ್ನಾಗಿದ್ದ ಮೂತಿಯೂ ಹಾಳಾಗುತ್ತೆ.

ಲೇಸು ಯಾವುದರದ್ದು?

ಇದನ್ನು ನೋಡಿಕೊಳ್ಳದೆ ಕೈ ಹಾಕಬೇಡಿ. ಬಿಚ್ಚಿಕೊಂಡ ತುದಿಯಿಂದ ಒಂದೇ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕಿನ ಪಕ್ಕ ನಿಂತು ಮೇಣದ ಬತ್ತಿಗೆ ತಾಗಿಸಿ. ದೀಪದ ಬತ್ತಿ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿಯಾದರೆ ಅದು ಹತ್ತಿ. ಬೆಂಕಿ ಹತ್ತಿರ ಬರುತ್ತಿದ್ದಂತೆ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಮಕ್ಕಳ ಕ್ಯಾನ್ವಾಸ್ ಶೂಗಳಲ್ಲಿ ಎರಡೂ ತರದ ಲೇಸು ಬರುತ್ತೆ. ವಾಕಿಂಗ್ ಶೂ, ಸ್ಪೋರ್ಟ್ಸ್ ಶೂಗಳಲ್ಲಿ ಪಾಲಿಯೆಸ್ಟರೇ ಜಾಸ್ತಿ. ಎರಡನೇ ಜಾತಿಯದ್ದನ್ನು ಕರಗಿಸಿ ಅಂಟಿಸಬಹುದು. ಹತ್ತಿ ಕರಗುವುದಿಲ್ಲ, ಸುಟ್ಟೇ ಹೋಗುತ್ತೆ.

ಇನ್ನು ತಯಾರಿ. ಲೇಸನ್ನು ಶೂನಿಂದ ಪೂರ್ತಿ ಬಿಚ್ಚಿ, ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ಮಣ್ಣು, ಬಿಳಿ ಪಾಲಿಶಿನ ಪುಡಿ, ತೇವ ಇವುಗಳಲ್ಲಿ ಯಾವುದಿದ್ದರೂ ಟೇಪೂ ನಿಲ್ಲುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಆಮೇಲೆ ಬಿಚ್ಚಿಕೊಂಡ ಭಾಗ ಎಲ್ಲಿಗೆ ಮುಗಿದು, ಹೆಣಿಗೆ ಗಟ್ಟಿಯಾಗಿರುವುದು ಎಲ್ಲಿಂದ ಅಂತ ನೋಡಿ. ಕೆಲಸವೆಲ್ಲ ಆ ಗಟ್ಟಿ ಜಾಗದಲ್ಲಿ. ಗುಂಡು ಲೇಸಾದರೆ ತುದಿಯಲ್ಲಿ ಇಣುಕುವ ತಿರುಳಿನ ದಾರವನ್ನು ಒಂದೆರಡು ಸೆಂ.ಮೀ. ಹೊರಗೆಳೆದು ಕತ್ತರಿಸಿ, ಮೇಲಿನ ಹೆಣಿಗೆಯನ್ನು ಮತ್ತೆ ತುದಿಯ ಕಡೆಗೆ ನೀವಿ. ತುದಿ ತೆಳ್ಳಗಾಗುತ್ತೆ, ಮೇಲೆ ಏನು ಸುತ್ತಿದರೂ ತೂತಿನಲ್ಲಿ ಸಲೀಸಾಗಿ ಹೋಗುತ್ತೆ. ಚಪ್ಪಟೆ ಲೇಸಾದರೆ ಉದ್ದಕ್ಕೆ ಒಮ್ಮೆ ಮಡಚಿ, ಹೂಬತ್ತಿ ಹೊಸೆಯುವ ಹಾಗೆ ಬೆರಳಲ್ಲಿ ಹೊಸೆಯಿರಿ.

ಅವಸರಕ್ಕೆ ಟೇಪು

ವ್ಯಾನು ಬಂದು ನಿಂತಿದ್ದರೆ ಇದೊಂದೇ ದಾರಿ. ಪಾರದರ್ಶಕ ಟೇಪನ್ನು ಸುಮಾರು ಐದು ಸೆಂ.ಮೀ. ಕತ್ತರಿಸಿ, ಅದರ ಒಂದು ಅಂಚಿಗೆ ಲೇಸಿನ ಗಟ್ಟಿ ಜಾಗವನ್ನು ಅಡ್ಡಲಾಗಿ ಅಂಟಿಸಿ, ಬೀಡಿ ಸುತ್ತಿದಷ್ಟು ಬಿಗಿಯಾಗಿ ಉರುಳಿಸುತ್ತಾ ಹೋಗಿ. ಮೊದಲ ಸುತ್ತು ಸಡಿಲವಾದರೆ ಉಳಿದದ್ದೆಲ್ಲ ಸಡಿಲ. ಮುಗಿದ ಮೇಲೆ ಟೇಪಿನ ನಡುವೆ ಚೂಪಾದ ಕತ್ತರಿಯಿಂದ ಸ್ವಲ್ಪ ಓರೆಯಾಗಿ ಕತ್ತರಿಸಿ. ಓರೆ ಮೂತಿ ತೂತು ಹುಡುಕಿಕೊಂಡು ಹೋಗುತ್ತೆ. ಆದರೆ ಒಂದೆರಡು ಸಲ ಒಗೆದರೆ ಟೇಪು ಬಿಟ್ಟುಕೊಳ್ಳುತ್ತೆ. ಸೋಮವಾರದವರೆಗೆ ಸಾಕು ಅನ್ನುವವರಿಗೆ ಅಡ್ಡಿಯಿಲ್ಲ.

ದಾರ ಸುತ್ತುವುದು

ನನಗೆ ತುಂಬಾ ಇಷ್ಟವಾದದ್ದು ಇದು. ಹತ್ತಿ ಲೇಸಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತಲೇ ಹೇಳುತ್ತೇನೆ. ಹಗ್ಗದ ತುದಿ ಬಿಚ್ಚಿಕೊಳ್ಳದಿರಲಿ ಅಂತ ಹಡಗಿನವರು ಬಹಳ ಹಿಂದಿನಿಂದ ಮಾಡಿಕೊಂಡು ಬಂದ ಕೆಲಸವಿದು. ಬೆಂಕಿ ಬೇಡ, ಅಂಟೂ ಇಲ್ಲದಿದ್ದರೆ ನಡೆಯುತ್ತೆ. ಹತ್ತು ವರ್ಷದ ಮಕ್ಕಳೂ ಕೂತು ಮಾಡಬಹುದು.

ಬಟನ್ ಹಾಕುವ ಗಟ್ಟಿ ದಾರ ಅರ್ಧ ಮೀಟರ್ ತೆಗೆದುಕೊಳ್ಳಿ. ಮೇಣದ ಬತ್ತಿಯ ಮೇಲೆ ಹೆಬ್ಬೆರಳಿನಿಂದ ಒತ್ತಿಹಿಡಿದು ಮೂರ್ನಾಲ್ಕು ಸಲ ಎಳೆಯಿರಿ. ಮೇಣ ಹತ್ತಿದ ದಾರ ಜಾರುವುದಿಲ್ಲ, ಸುತ್ತು ಸುತ್ತಿಗೂ ಕಚ್ಚಿಕೊಂಡು ಕೂರುತ್ತೆ. ಈಗ ದಾರದ ಒಂದು ಕೊನೆಯನ್ನು ಮಡಚಿ ಮೂರು ಸೆಂ.ಮೀ. ಉದ್ದದ ಕುಣಿಕೆ ಮಾಡಿ, ಲೇಸಿನ ಮೇಲೆ ಉದ್ದಕ್ಕೆ ಮಲಗಿಸಿ. ಕುಣಿಕೆಯ ಬಾಗು ಲೇಸಿನ ತುದಿಯ ಕಡೆಗಿರಬೇಕು, ದಾರದ ಗಿಡ್ಡ ಬಾಲ ಶೂ ಕಡೆಗೆ ಇಳಿಬಿದ್ದಿರಬೇಕು. ಎಡಗೈ ಹೆಬ್ಬೆರಳಲ್ಲಿ ಎರಡನ್ನೂ ಸೇರಿಸಿ ಒತ್ತಿಹಿಡಿಯಿರಿ.

ಉದ್ದನೆಯ ದಾರದಿಂದ ಶೂ ಕಡೆಯಿಂದ ಶುರು ಮಾಡಿ ತುದಿಯ ಕಡೆಗೆ ಸುತ್ತುತ್ತಾ ಬನ್ನಿ. ಒಂದು ಸುತ್ತಿನ ಪಕ್ಕ ಇನ್ನೊಂದು, ನಡುವೆ ಸಂದು ಬೇಡ, ಒಂದರ ಮೇಲೊಂದು ಏರುವುದೂ ಬೇಡ. ಕುಣಿಕೆ ಒಳಗೆ ಸಿಕ್ಕಿಕೊಳ್ಳುತ್ತಾ ಹೋಗುತ್ತೆ, ಅದೇ ಬೇಕಾಗಿರುವುದು. ಪ್ರತಿ ಸುತ್ತಿಗೂ ದಾರವನ್ನು ಎಳೆದು ಬಿಗಿ ಮಾಡಿ, ಲೇಸು ಸೊಂಟ ಹಿಡಿದಂತೆ ಸ್ವಲ್ಪ ಸಣ್ಣಗಾಗುವುದು ಕಣ್ಣಿಗೆ ಕಾಣಬೇಕು. ಹದಿನೈದು ಇಪ್ಪತ್ತು ಸುತ್ತು ಆಗುವ ಹೊತ್ತಿಗೆ ಒಂದು ಸೆಂ.ಮೀ. ಆಸುಪಾಸು ತುಂಬಿರುತ್ತೆ. ಆಗ ಕುಣಿಕೆಯ ಬಾಗು ಚೂರೇ ಚೂರು ಹೊರಗಿರುವಾಗ ನಿಲ್ಲಿಸಿ, ಸುತ್ತುತ್ತಿದ್ದ ದಾರದ ಕೊನೆಯನ್ನು ಅದರೊಳಗೆ ತೂರಿಸಿ. ಈಗ ಶೂ ಕಡೆ ಇಳಿಬಿದ್ದ ಬಾಲವನ್ನು ಮೆಲ್ಲಗೆ ಎಳೆಯಿರಿ. ಕುಣಿಕೆ ಚಿಕ್ಕದಾಗುತ್ತಾ ಆ ಕೊನೆಯನ್ನೂ ಕಚ್ಚಿಕೊಂಡು ಸುತ್ತುಗಳ ಅಡಿಗೆ ನುಗ್ಗುತ್ತೆ. ಅರ್ಧ ದಾರಿಗೆ ಬಂತು ಅನ್ನಿಸಿದಾಗ ನಿಲ್ಲಿಸಿ. ಪೂರ್ತಿ ಎಳೆದರೆ ಆಚೆ ಬಂದು ಎಲ್ಲವೂ ಬಿಚ್ಚಿಹೋಗುತ್ತೆ, ಮೊದಲ ಸಲ ಬಹಳ ಜನರಿಗೆ ಹೀಗಾಗುತ್ತೆ, ಬೇಜಾರು ಮಾಡಿಕೊಳ್ಳದೆ ಮತ್ತೆ ಸುತ್ತಿ. ಎರಡೂ ಕಡೆ ಹೊರಗಿರುವ ದಾರವನ್ನು ಬುಡಕ್ಕೆ ಕತ್ತರಿಸಿ. ಎಲ್ಲ ಆದ ಮೇಲೆ, ಸುತ್ತಿನಿಂದ ಎರಡು ಮಿ.ಮೀ. ಬಿಟ್ಟು, ಜೂಲಾಗಿದ್ದ ತುದಿಯನ್ನು ತೆಗೆದುಬಿಡಿ.

ಗಂಟೇ ಇಲ್ಲದ ಕಟ್ಟು ಇದು. ಗಂಟು ಇದ್ದರೆ ತೂತಿನಲ್ಲಿ ಸಿಕ್ಕಿಕೊಳ್ಳುತ್ತೆ, ಅದಕ್ಕೇ ಈ ಕುಣಿಕೆಯ ಉಪಾಯ. ಇನ್ನೂ ಗಟ್ಟಿ ಬೇಕೆಂದರೆ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ಹಚ್ಚಿ. ನೇಲ್ ಪಾಲಿಶ್ ಬೇಗ ಬೆಂಕಿ ಹತ್ತುವ ವಸ್ತು, ಹಾಗಾಗಿ ಪಕ್ಕದಲ್ಲಿ ಉರಿಯುವ ದೀಪ, ಒಲೆ ಇರಬಾರದು. ಕೆಲವರು ಬಿಳಿ ಅಂಟು ಹಚ್ಚುತ್ತಾರೆ. ಒಣಗಿದಾಗ ಗಟ್ಟಿ ಅನ್ನಿಸಿದರೂ ನೀರು ಬಿದ್ದರೆ ಮತ್ತೆ ಮೆತ್ತಗಾಗುತ್ತೆ, ಮಳೆಗಾಲಕ್ಕೆ ಬೇಡ.

ಸೂಪರ್ ಗ್ಲೂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಮ್ಮೆ ನಾನು ಹತ್ತಿ ಲೇಸಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಾಲ್ಕೈದು ಹನಿ ಬಿಟ್ಟೆ. ಎಣಿಸಿ ಮೂರು ಸೆಕೆಂಡಿಗೆ ಅದು ಬಿಸಿಯಾಗಿ, ಕಣ್ಣು ಉರಿಸುವ ಹೊಗೆ ಬಂತು, ತೋರುಬೆರಳು ಕೆಂಪಾಗಿ ಬೊಬ್ಬೆ ಎದ್ದಿತು. ಆ ಅಂಟು ಸೈನೋಅಕ್ರಿಲೇಟ್. ಹತ್ತಿ ತಾಗಿದರೆ ಬಹಳ ವೇಗವಾಗಿ ಗಟ್ಟಿಯಾಗುತ್ತೆ, ಆಗುವಾಗ ಶಾಖ ಬಿಡುತ್ತೆ. ಹಾಕಲೇಬೇಕೆಂದರೆ ಲೇಸನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು, ಕೈಯಲ್ಲಿ ಹಿಡಿಯದೆ, ಕಿಟಕಿ ತೆರೆದು, ಒಂದೇ ಒಂದು ಚಿಕ್ಕ ಹನಿ ಹಾಕಿ. ಮಕ್ಕಳ ಕೈಗೆ ಕೊಡಲೇಬೇಡಿ. ಬೆರಳು ಅಂಟಿಕೊಂಡರೆ ಕಿತ್ತೆಳೆಯದೆ ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿಕೊಳ್ಳಿ.

ಪಾಲಿಯೆಸ್ಟರ್ ಲೇಸಿಗೆ ಬಿಸಿ

ಇಲ್ಲೂ ಮೊದಲು ಸುತ್ತಬೇಕು. ಟೇಪು ಸುತ್ತಿ, ನಡುವೆ ಕತ್ತರಿಸಿ, ಕತ್ತರಿಸಿದ ಮುಖವನ್ನು ಮಾತ್ರ ಮೇಣದ ಬತ್ತಿಯ ಪಕ್ಕಕ್ಕೆ ತನ್ನಿ. ಬೆಂಕಿಯ ಒಳಗೆ ಇಡಬೇಡಿ, ಕಪ್ಪಾಗುತ್ತೆ. ಊದುಬತ್ತಿಯ ಕೆಂಡವನ್ನು ಎಳೆಗಳಿಗೆ ತಾಗಿಸಿದರೆ ಇನ್ನೂ ಹಿಡಿತದಲ್ಲಿರುತ್ತೆ, ಒಂದೊಂದೇ ಎಳೆ ಕರಗಿ ಪಕ್ಕದ್ದಕ್ಕೆ ಅಂಟುವುದು ಕಾಣುತ್ತೆ. ಕರಗಿದ್ದನ್ನು ಬೆರಳಲ್ಲಿ ಒತ್ತಬೇಡಿ. ಪಾಲಿಯೆಸ್ಟರ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟು ಬಿಸಿಯದ್ದು ಚರ್ಮಕ್ಕೆ ಅಂಟಿಕೊಂಡರೆ ಬಿಡುವುದೇ ಇಲ್ಲ. ಸ್ಟೀಲ್ ಚಮಚದ ಬೆನ್ನಿಂದ ಒತ್ತಿ. ಆರಿದ ಮೇಲೆ ಟೇಪು ತೆಗೆಯಬಹುದು. ತುದಿಯಲ್ಲಿ ದಪ್ಪ ಗುಬ್ಬಿಯಾಗಿ ನಿಂತಿದ್ದರೆ ಉಗುರಿಗೆ ಹಾಕುವ ಅರದಿಂದ ಉಜ್ಜಿ ಸಣ್ಣ ಮಾಡಿ.

ದಿನಾ ಹಾಕುವ ವಾಕಿಂಗ್ ಶೂಗೆ, ಕಾರ್ಖಾನೆಯದ್ದೇ ಅನ್ನಿಸುವ ಮೂತಿ ಬೇಕೆಂದರೆ ಹೀಟ್ ಶ್ರಿಂಕ್ ಟ್ಯೂಬ್ ತನ್ನಿ. ವೈರುಗಳ ಜೋಡಣೆಗೆ ಹಾಕುವ ಕೊಳವೆ ಇದು, ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆ ಇದ್ದೇ ಇದೆ. ಮಾಮೂಲಿಯದ್ದು ಬಿಸಿಗೆ ಅರ್ಧಕ್ಕೆ ಕುಗ್ಗುತ್ತೆ, 4 ಮಿ.ಮೀ. ಟ್ಯೂಬು 2 ಮಿ.ಮೀ. ತನಕ ಇಳಿಯುತ್ತೆ. ಸಾಮಾನ್ಯ ಲೇಸಿಗೆ ಅಷ್ಟು ಸಾಕು. ಲೇಸಿನ ಒಂದು ತುಂಡು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಎರಡು ಸೆಂ.ಮೀ. ಕತ್ತರಿಸಿದ ಟ್ಯೂಬಿನೊಳಗೆ ಜೂಲು ತುದಿಯನ್ನು ತಳ್ಳಲು ಹೋದರೆ ಬೆಳಿಗ್ಗೆಯ ಕಥೆಯೇ ಮತ್ತೆ. ಅದಕ್ಕೆ ಸೂಜಿಗೆ ದಾರ ಪೋಣಿಸಿ, ಲೇಸಿನ ತುದಿಗೆ ಒಂದು ಹೊಲಿಗೆ ಹಾಕಿ, ಸೂಜಿಯನ್ನು ಟ್ಯೂಬಿನ ಒಳಗಿಂದ ಹಾಯಿಸಿ ಎಳೆದರೆ ಲೇಸು ಹಿಂದೆಯೇ ಬರುತ್ತೆ. ಗಟ್ಟಿ ಹೆಣಿಗೆ ಟ್ಯೂಬಿನೊಳಗೆ ಬರುವವರೆಗೂ ಎಳೆಯಿರಿ. ಆಮೇಲೆ ಮೇಣದ ಬತ್ತಿಯ ಪಕ್ಕ, ಬೆಂಕಿಗೆ ತಾಗದಂತೆ, ತಿರುಗಿಸುತ್ತಾ ಹಿಡಿಯಿರಿ. ಕೆಲವೇ ಕ್ಷಣದಲ್ಲಿ ಮುದುಡಿ ಲೇಸನ್ನು ಅಪ್ಪಿಕೊಳ್ಳುತ್ತೆ. ಹೇರ್ ಡ್ರೈಯರ್ ಬಿಸಿ ಇದಕ್ಕೆ ಸಾಲದೆ ಹೋಗಬಹುದು. ಹೊರಗೆ ಉಳಿದ ಎಳೆಗಳನ್ನು ಟ್ಯೂಬಿನ ಸಮಕ್ಕೆ ಕತ್ತರಿಸಿ.

ಸೈಕಲ್ ಅಂಗಡಿಯ ವಾಲ್ವ್ ಟ್ಯೂಬ್ ಹಾಕಿಯೂ ನೋಡಿದ್ದೇನೆ. ಬಿಗಿಯಾಗಿ ಕೂರುತ್ತೆ ನಿಜ, ಆದರೆ ರಬ್ಬರ್ ಆದ್ದರಿಂದ ತೂತಿನಲ್ಲಿ ಜಾರುವುದಿಲ್ಲ. ಸ್ಟೇಪ್ಲರ್ ಪಿನ್ ಹೊಡೆಯಬೇಡಿ, ಬೆರಳಿಗೆ ಚುಚ್ಚುತ್ತೆ.

ಲೇಸು ನಡುವೆ ಸವೆದು ಎಳೆ ಎಳೆಯಾಗಿದ್ದರೆ ತುದಿ ಸರಿ ಮಾಡಿ ಪ್ರಯೋಜನವಿಲ್ಲ. ತೂತಿನ ಲೋಹದ ರಿಂಗನ್ನು ಬೆರಳಿಂದ ಸವರಿ ನೋಡಿ, ತುಕ್ಕು ಹಿಡಿದು ಅಂಚು ಎದ್ದಿದ್ದರೆ ಹೊಸ ಲೇಸನ್ನೂ ಅದು ತಿನ್ನುತ್ತೆ. ಮೊದಲು ಆ ರಿಂಗನ್ನು ಶೂ ರಿಪೇರಿಯವರ ಹತ್ತಿರ ಬದಲಾಯಿಸಿಕೊಳ್ಳಿ. ತುದಿ ಕತ್ತರಿಸಿದ್ದರಿಂದ ಲೇಸಿನ ಒಂದು ಕಡೆ ಗಿಡ್ಡವಾದರೆ ಇನ್ನೊಂದು ಕಡೆಯನ್ನೂ ಕತ್ತರಿಸುವುದು ಬೇಡ, ಕೆಳಗಿನ ತೂತಿನಲ್ಲಿ ಲೇಸನ್ನು ಜರುಗಿಸಿ ಸಮ ಮಾಡಿಕೊಂಡರೆ ಆಯಿತು.

ಈ ದಾರ ಸುತ್ತುವ ಕೆಲಸ ಪೈಜಾಮದ ಲಾಡಿಗೆ, ಲಂಗದ ಲಾಡಿಗೆ, ಸ್ವೆಟರ್ ಟೋಪಿಯ ದಾರಕ್ಕೂ ಆಗುತ್ತೆ. ಲಾಡಿಗಾದರೆ ತುದಿಯಲ್ಲಿ ಸುತ್ತು ಹಾಕಿ, ಸುತ್ತಿನ ಹಿಂದೆಯೇ ಪಿನ್ನು ಚುಚ್ಚಿ ನೆರಿಗೆಯೊಳಗೆ ತೂರಿಸಿ, ಪಿನ್ನು ನಡುವೆ ಕಿತ್ತುಕೊಂಡು ಬರುವುದಿಲ್ಲ. ಶನಿವಾರದ ಶೂ ಆದರೆ ಶುಕ್ರವಾರ ರಾತ್ರಿಯವರೆಗೆ ಕಾಯಬೇಡಿ. ನೇಲ್ ಪಾಲಿಶ್ ಹಚ್ಚಿದ ಲೇಸನ್ನು ಗುರುವಾರವೇ ಕಿಟಕಿಯ ಸರಳಿಗೆ, ತುದಿ ಕೆಳಗಾಗಿ, ಒಂದಕ್ಕೊಂದು ತಾಗದಂತೆ ನೇತು ಹಾಕಿ.